‘ಚೋಮನ ದುಡಿ’: ವಾಚಕನೂ ಪ್ರೇಕ್ಷಕನೂ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಮೆಚ್ಚಿ ಓದಿದ ವಾಚಕನ ಕಿವಿಯಲ್ಲಿ ಆ ದುಡಿಗೆ ಅವನದೇ ಆದ ನಾದವೊಂದಿರುತ್ತದೆ. ಬಿ. ವಿ. ಕಾರಂತರ ಚಿತ್ರದಲ್ಲಿ (1975) ಅದು ಎಲ್ಲರಿಗೂ ಒಂದೇ ನಾದವಾಯಿತು, ಚೋಮನಿಗೆ ಎಂ. ವಿ. ವಾಸುದೇವರಾಯರ ಮುಖವೇ ಸ್ಥಿರವಾಯಿತು. ಇದು ನಷ್ಟವೇ ಸರಿ. ಕಾದಂಬರಿಯನ್ನು ಮರಳಿ ಓದಿದರೂ ವಾಚಕನಿಗೆ ತನ್ನ ಹಳೆಯ ಚೋಮನು ದೊರೆಯಲಾರನು. ಆದರೆ ಲೇಖಕರ ಮಾತು ತೆರೆಯ ಮೇಲಿಲ್ಲವೆಂಬ ಆಕ್ಷೇಪಣೆಯನ್ನು ನಾವು ಒಪ್ಪಲಾರೆವು. ಚೋಮನ ಮಗ ಹೊಳೆಯಲ್ಲಿ ಮುಳುಗುವ ಪ್ರಸಂಗವನ್ನು ನೋಡಬೇಕು. ಮೈಲಿಗೆಗಂಜಿ ಯಾರೂ ಅವನನ್ನು ಮುಟ್ಟಿ ಎತ್ತಲೊಲ್ಲರು. ಪುಸ್ತಕದಲ್ಲಾದರೆ ಕಣ್ಣು ಆ ಪುಟವನ್ನು ಬೇಗನೆ ದಾಟಬಲ್ಲುದು. ಪರೀಕ್ಷೆಯ ಅವಸರದಲ್ಲಿರುವ ವಿದ್ಯಾರ್ಥಿಗಳು ದಾಟುವುದೂ ಉಂಟು. ಚಿತ್ರದಲ್ಲಿ ಆ ಅನುಕೂಲವಿಲ್ಲ. ಹುಡುಗ ಮುಳುಗುವವರೆಗೆ, ದಡದ ಮೇಲಿನವರೊಡನೆ ಪ್ರೇಕ್ಷಕನೂ ನಿಂತಿರಬೇಕಾಗುತ್ತದೆ.