ಎಂಟು ಕಾಲಿನ ನಾಯಕ

1978ರಲ್ಲಿ ಟೈಟೊ ಕಂಪನಿಯ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಆಕ್ಟೋಪಸ್ಸಿನದು ತೀರಾ ಅಗ್ಗದ ಜೀವ. ಮೇಲಿನ ಸಾಲಿನ ಬೊಂಡಾಸ್ ಹೊಡೆದರೆ 30 ಅಂಕ, ನಡುವಿನ ಏಡಿಗೆ 20, ಕೆಳಗೆ ನಿಂತು ಮೊದಲು ಗುಂಡು ತಿನ್ನುವ ಆಕ್ಟೋಪಸ್ಸಿಗೆ ಬರೀ 10. ಹತ್ತು ವರ್ಷಕ್ಕೆ ಅದರ ದೆಸೆ ತಿರುಗಿತು. 1988ರಲ್ಲಿ ಎಂಎಸ್‌ಎಕ್ಸ್ ಕಂಪ್ಯೂಟರಿಗೆ ಬಂದ ‘ಪ್ಯಾರೋಡಿಯಸ್’ನಲ್ಲಿ ಆಕ್ಟೋಪಸ್ಸೇ ನಾಯಕ, ಭೂಮಿ ಉಳಿಸುವ ಹೊಣೆ ಅದರದು.

‘ಪ್ಯಾರೋಡಿಯಸ್’ ಒಂದು ಅಣಕದ ಆಟ, ಗೇಲಿ ಮಾಡಿದವರು ಯಾರೆಂಬುದು ಇಲ್ಲಿ ಮುಖ್ಯ. 1985ರ ‘ಗ್ರೇಡಿಯಸ್’ ಎಂಬ ಗಂಭೀರ ಅಂತರಿಕ್ಷ ಯುದ್ಧದ ಆಟ ಕೊನಾಮಿ ಕಂಪನಿಯದು. ಅದನ್ನು ಅಣಕಿಸಿದ್ದೂ ಕೊನಾಮಿಯೇ. ಚೆನ್ನೈನ ಸಿನಿಮಾ ಬಡಾವಣೆ ಕೋಡಂಬಾಕ್ಕಂನಲ್ಲಿ ಕೂತು ಬರೆಯುವವನಿಗೆ ಇದು ಹೊಸದೇನಲ್ಲ. ಪಕ್ಕದ ವಡಪಳನಿಯ ವಾಹಿನಿ ಸ್ಟುಡಿಯೋದಲ್ಲಿ ತಯಾರಾದ ‘ಮಾಯಾಬಜಾರ್’ (1957) ಚಿತ್ರ ನೆನೆಯಿರಿ. ಶಶಿರೇಖೆಯಾಗಿ ನಾಚಿದ ಸಾವಿತ್ರಿಯೇ, ಶಶಿರೇಖೆಯ ವೇಷ ತೊಟ್ಟ ಘಟೋತ್ಕಚನಾಗಿ ಗಂಡು ಠೀವಿಯಲ್ಲಿ ಹೆಜ್ಜೆ ಹಾಕುತ್ತಾರೆ. ಮೂಲ ಪಾತ್ರದ ಮೇಲೆ ಅಷ್ಟು ಹಿಡಿತವಿದ್ದದ್ದಕ್ಕೇ ಅಣಕ ಅಷ್ಟು ಕಳೆಗಟ್ಟಿತು.

1990ರ ಆರ್ಕೇಡ್ ‘ಪ್ಯಾರೋಡಿಯಸ್ ದಾ’ ಈ ಸರಣಿಯ ಕಿರೀಟ ಎಂಬುದು ನನ್ನ ಮತ. ಪೆಂಗ್ವಿನ್ ದಂಡು, ಬೆಕ್ಕಿನ ಮುಖದ ಹಡಗು, ಅಮೆರಿಕದ ಬಾವುಟ ಹೊದ್ದ ಹದ್ದು. ಹಿನ್ನೆಲೆಗೆ ಚೈಕೋವ್‌ಸ್ಕಿಯಂಥವರ ಸಂಗೀತ, ಅದೂ ಕುಣಿಯುವ ಗತಿಯಲ್ಲಿ. ಆದರೆ ಒಳಗಿನ ಯಂತ್ರ ಒಂದಿಷ್ಟೂ ಸಡಿಲವಿಲ್ಲ. ಶತ್ರು ಬಿಟ್ಟ ಕ್ಯಾಪ್ಸೂಲ್ ಹಿಡಿದಂತೆಲ್ಲ ಪರದೆಯ ಕೆಳಗಿನ ಪಟ್ಟಿಯಲ್ಲಿ ಬೆಳಕು ಒಂದೊಂದೇ ಮನೆ ಮುಂದೆ ಸರಿಯುತ್ತದೆ. ಬೇಕಾದ ಮನೆಗೆ ಬಂದಾಗ ಗುಂಡಿ ಒತ್ತಿದರೆ ಆ ಶಕ್ತಿ ನಿಮ್ಮದು. ಮೊದಲು ವೇಗ, ಆಮೇಲೆ ಕ್ಷಿಪಣಿ. ಇನ್ನೂ ಕಾದರೆ ಬೆನ್ನಿಗೆ ಬಿದ್ದು ತಾವೂ ಗುಂಡು ಹಾರಿಸುವ ಸಂಗಾತಿಗಳು. ನಮ್ಮ ನಾಯಕನಿಗೆ ಆ ಸಂಗಾತಿಗಳೂ ಮರಿ ಆಕ್ಟೋಪಸ್ಸುಗಳೇ! ಒಂದು ಜೀವ ಹೋಯಿತೋ, ಕೂಡಿಟ್ಟದ್ದೆಲ್ಲ ಹೋಯಿತು.

ಇದೇ ಆಟದಲ್ಲಿ ಪರದೆ ತುಂಬ ನಿಲ್ಲುವ ನರ್ತಕಿಯೊಬ್ಬಳಿದ್ದಾಳೆ, ಆಕೆಯ ಮಾತು ಬೇರೆ. ತಮಾಷೆಯಾಗಿ ನೋಡಿದರೆ ಅದು ಅಂದಿನ ಗಂಡಸರ ಹಳಸಲು ಹಾಸ್ಯ, ನನಗೆ ನಗು ಬರುವುದಿಲ್ಲ. ಆಟವಾಗಿ ನೋಡಿದರೆ ಮಾತ್ರ ಅದ್ಭುತ. ಎಷ್ಟೇ ಗುಂಡು ಹೊಡೆದರೂ ಆಕೆಗೆ ಲೆಕ್ಕವಿಲ್ಲ. ಆಕೆಯ ಕಾಲಿನ ಸಂದಿಯಲ್ಲಿ ನುಸುಳಿ ಪಾರಾಗುವುದೊಂದೇ ದಾರಿ. ಗುಂಡು ಹಾರಿಸುವ ಆಟವೊಂದು ಬಂದೂಕನ್ನೇ ಕೆಲಸಕ್ಕೆ ಬಾರದಂತೆ ಮಾಡುವುದಕ್ಕೆ ಧೈರ್ಯ ಬೇಕು.

ಹೊಸದಾಗಿ ಆಡುವವರು ಆಕ್ಟೋಪಸ್ಸನ್ನೇ ಆರಿಸಿಕೊಳ್ಳಿ. ಆಸೆಗೆ ಬಿದ್ದು ವೇಗವನ್ನು ಎರಡು ಸಲಕ್ಕಿಂತ ಹೆಚ್ಚು ತೆಗೆದುಕೊಂಡರೆ ನಾಯಕ ಕೈಗೆ ಸಿಗುವುದಿಲ್ಲ, ಸೀದಾ ಹೋಗಿ ಗೋಡೆಗೆ ಬಡಿದುಕೊಳ್ಳುತ್ತಾನೆ.