ವಾಕ್ಯ ಬೇಡುವ ಮಗು, ವ್ಯಾಖ್ಯೆ ನೀಡುವ ಶಾಲೆ

ನಿಮ್ಮ ಮನೆಯಲ್ಲಿ ನಾಲ್ಕನೆಯ ಅಥವಾ ಐದನೆಯ ತರಗತಿಯ ಮಗುವಿದ್ದರೆ ಅದರ ಕನ್ನಡ ನೋಟ್‌ಬುಕ್ಕನ್ನು ಒಮ್ಮೆ ಬಿಡಿಸಿ ನೋಡಿ. ‘ನಾಮಪದ ಎಂದರೇನು?’, ‘ವಿಭಕ್ತಿ ಪ್ರತ್ಯಯಗಳು ಯಾವುವು?’ ಎಂಬ ಪ್ರಶ್ನೆಗಳೂ ಅವುಗಳಿಗೆ ಅಂದವಾದ ಉತ್ತರಗಳೂ ಅಲ್ಲಿರುತ್ತವೆ. ಇನ್ನೆರಡು ಪುಟ ತಿರುವಿದರೆ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಅಭ್ಯಾಸ ಕಾಣುತ್ತದೆ. ಪಕ್ಕದ ಮನೆಯ ಮಗುವಿನ ಪುಸ್ತಕದಲ್ಲಿಯೂ ಬಹುಮಟ್ಟಿಗೆ ಅದೇ ‘ಸ್ವಂತ’ ವಾಕ್ಯವಿರುತ್ತದೆ. ಏಕೆಂದರೆ ಅದು ಕರಿಹಲಗೆಯಿಂದ ಇಳಿದು ಬಂದದ್ದು. ಈಗ ಮಗುವಿನ ಕೈಗೆ ಒಂದು ಖಾಲಿ ಹಾಳೆ ಕೊಟ್ಟು, ನಿನ್ನೆ ನಡೆದುದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಲು ಹೇಳಿ. ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದ ಮಗು ಇಲ್ಲಿ ತಡವರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಪರಿಶೀಲಿಸುವುದೇ ಈ ಬರಹದ ಉದ್ದೇಶ.

ಇದನ್ನು ಶಿಕ್ಷಕರ ಮೇಲಿನ ದೂರೆಂದು ದಯವಿಟ್ಟು ಭಾವಿಸಬೇಡಿ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಗಳು ನಮ್ಮಲ್ಲಿವೆ. ಪಾಠಗಳು ಮುಗಿಯಬೇಕು, ಪರೀಕ್ಷೆ ನಡೆಯಬೇಕು, ಅಂಕಗಳು ತುಂಬಬೇಕು. ವ್ಯಾಖ್ಯೆಗೆ ಅಂಕ ಕೊಡುವುದು ಸುಲಭ, ಮಗುವಿನ ಸ್ವಂತ ವಾಕ್ಯಕ್ಕೆ ಕೊಡುವುದು ಕಷ್ಟ. ಆದ್ದರಿಂದ ನಮ್ಮ ಟೀಕೆ ವ್ಯಕ್ತಿಗಳ ಮೇಲಲ್ಲ, ನಾವೆಲ್ಲರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಒಂದು ಪದ್ಧತಿಯ ಮೇಲೆ.

ನಮ್ಮ ಶಾಲಾ ವ್ಯಾಕರಣಕ್ಕೆ ದೊಡ್ಡ ಪರಂಪರೆಯಿದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಅವನ ಮುಂದಿದ್ದುದು ಕವಿಗಳ ಪ್ರಯೋಗ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ ಅವರು 1894ರಲ್ಲಿ ತಮ್ಮ ಮಹಾ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದಾಗ, ಅವರು ಹಳೆಯ, ನಡುವಣ ಮತ್ತು ಹೊಸ ಕನ್ನಡಗಳನ್ನು ಒಟ್ಟಿಗೆ ವಿವರಿಸಲು ಹೊರಟಿದ್ದರು. ಇವೆರಡೂ ನಾವು ತಲೆಬಾಗಬೇಕಾದ ಸಾಧನೆಗಳು. ಆದರೆ ಎರಡೂ ಎಂಟು ವರ್ಷದ ಮಗುವಿಗಾಗಿ ಬರೆದವಲ್ಲ. ಇರುವ ಭಾಷೆಯನ್ನು ಬಿಡಿಸಿ ತೋರಿಸುವುದು ವ್ಯಾಕರಣಕಾರನ ಕೆಲಸ. ಇನ್ನೂ ಬರೆಯದ ವಾಕ್ಯವನ್ನು ಕಟ್ಟುವುದು ಮಗುವಿನ ಕೆಲಸ. ಬಿಡಿಸುವ ವಿದ್ಯೆಯನ್ನು ಕಲಿಸಿದರೆ ಕಟ್ಟುವ ವಿದ್ಯೆ ತಾನಾಗಿ ಬರುತ್ತದೆಂಬ ನಂಬಿಕೆಯಲ್ಲಿಯೇ ನಮ್ಮ ಪದ್ಧತಿಯ ಮೊದಲ ದೋಷವಿದೆ.

ಎರಡನೆಯ ದೋಷ ಇನ್ನೂ ಸ್ಪಷ್ಟವಾದದ್ದು. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಹೇಳುವ ಒಬ್ಬ ಕನ್ನಡಿಗನನ್ನು ನೀವು ಕಂಡಿದ್ದೀರಾ? ‘ಮರದಿಂದ ಬಿತ್ತು’ ಎಂದೇ ನಾವೆಲ್ಲರೂ ಹೇಳುತ್ತೇವೆ. ಸಂಸ್ಕೃತದ ಪಟ್ಟಿಯಲ್ಲಿ ಪಂಚಮಿಗೆ ಬೇರೆಯ ಸ್ಥಾನವಿರುವುದರಿಂದ ಕನ್ನಡದ ಪಟ್ಟಿಯಲ್ಲಿಯೂ ಅದನ್ನು ತುಂಬಿಸಬೇಕಾಯಿತು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಎತ್ತಿದ ಆಕ್ಷೇಪ ಈ ಬಗೆಯದು. ಅವರ ಎಲ್ಲ ಸಲಹೆಗಳನ್ನು ಒಪ್ಪದವರೂ ಈ ಒಂದು ಮಾತನ್ನು ತಳ್ಳಿಹಾಕಲಾರರು: ತಾನು ಎಂದೂ ಆಡದ ಕನ್ನಡವನ್ನು ನಿಯಮವೆಂದು ಕಲಿತ ಮಗುವಿಗೆ, ವ್ಯಾಕರಣಕ್ಕೂ ತನ್ನ ಬಾಯಿಮಾತಿಗೂ ಸಂಬಂಧವಿಲ್ಲವೆಂದು ಅನ್ನಿಸಿಬಿಡುತ್ತದೆ.

ನಿಜವಾಗಿ ನೋಡಿದರೆ ಕನ್ನಡ ಮನೆಮಾತಿನ ಮಗು ಶಾಲೆಗೆ ಬರುವಾಗಲೇ ಬಹಳಷ್ಟು ವ್ಯಾಕರಣವನ್ನು ಹೊತ್ತು ತಂದಿರುತ್ತದೆ. ‘ನಾನು ಪುಸ್ತಕ ಓದಿದೆ’ ಎಂದು ಪ್ರತ್ಯಯ ಬಿಟ್ಟು ಹೇಳುವ ಮಗು, ‘ನಾನು ತಂಗಿ ಕರೆದೆ’ ಎನ್ನುವುದಿಲ್ಲ. ‘ತಂಗಿಯನ್ನು ಕರೆದೆ’ ಎನ್ನುತ್ತದೆ. ವಸ್ತುವಾದರೆ ‘ಅನ್ನು’ ಬಿಡಬಹುದು, ವ್ಯಕ್ತಿಯಾದರೆ ಬಿಡಲಾಗದು ಎಂಬ ಈ ಸೂಕ್ಷ್ಮವನ್ನು ಅದಕ್ಕೆ ಯಾರೂ ಪಾಠ ಮಾಡಿಲ್ಲ. ‘ಮಗು ಅಳುತ್ತಿದೆ’, ಆದರೆ ‘ಮಕ್ಕಳು ಅಳುತ್ತಿದ್ದಾರೆ’. ಒಂದಿದ್ದಾಗ ನಪುಂಸಕ, ಹಲವಾದಾಗ ಮನುಷ್ಯರ ಬಹುವಚನ. ಇದೂ ಅದಕ್ಕೆ ಗೊತ್ತು. ಹೀಗೆ ಬಲ್ಲ ಮಗುವನ್ನು ಏನೂ ತಿಳಿಯದವರ ಸಾಲಿನಲ್ಲಿ ಕೂರಿಸಿ ಆರಂಭಿಸುವುದು ನ್ಯಾಯವೇ?

ಹಾಗಾದರೆ ತಪ್ಪುಗಳು ಎಲ್ಲಿಂದ ಬರುತ್ತವೆ? ಎಲ್ಲ ತಪ್ಪುಗಳ ಮೂಲ ಒಂದೇ ಅಲ್ಲ. ಕೆಲವು ಆಡುಮಾತಿನಿಂದ ಬರಹಕ್ಕೆ ದಾಟುವಾಗ ಆಗುವಂಥವು. ‘ಬರ್ತೀನಿ’ ಎಂದು ಬರೆಯುವ ಮಗುವಿಗೆ ‘ಬರುತ್ತೇನೆ’ ಎಂಬುದು ಬರಹದ ರೂಪವೆಂದು ತಿಳಿಸಿದರೆ ಸಾಕು. ‘ಅಕ್ಕಿ’ ಮತ್ತು ‘ಹಕ್ಕಿ’ಗಳ ಗೊಂದಲವೂ ಈ ಜಾತಿಯದೇ. ಇನ್ನು ಕೆಲವು ಮನೆಮಾತಿನ ನೆರಳು. ನಮ್ಮ ಅನೇಕ ಕುಟುಂಬಗಳಿಗೆ ಇದು ಹತ್ತಿರದ ವಿಷಯ. ಕರಾವಳಿಯ ಕೊಂಕಣಿಯಲ್ಲಿ ಹುಡುಗಿಯನ್ನು ಸೂಚಿಸುವ ‘ಚೆಡುಂ’ ಎಂಬ ಪದ ನಪುಂಸಕ ಲಿಂಗದ್ದು. ತೆಲುಗಿನ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ಕನ್ನಡದ್ದೇ ಒಂದು ಬಗೆಯಾದ ಹವ್ಯಕ ಮಾತಿನಲ್ಲಿಯೂ ಹೆಂಗಸನ್ನು ಕುರಿತು ‘ಅದು ಬಂತು’ ಎನ್ನುವ ವಾಡಿಕೆಯಿದೆ. ಇಂಥ ಮನೆಯ ಮಗು ‘ಅಕ್ಕ ಬಂತು’ ಎಂದು ಬರೆದರೆ ಅದು ಅಜ್ಞಾನವಲ್ಲ, ಇನ್ನೊಂದು ವ್ಯಾಕರಣದ ನಿಷ್ಠೆ. ಇಂಗ್ಲಿಷ್ ಮಾಧ್ಯಮದ ಮಗು ‘ನಾನು ಇಷ್ಟ ಮಾವಿನಹಣ್ಣು’ ಎಂದು ಬರೆಯುವುದೂ ಇದೇ ರೀತಿ. ಕನ್ನಡದಲ್ಲಿ ಇಷ್ಟ, ಹಸಿವು, ನೋವುಗಳೆಲ್ಲ ‘ನನಗೆ’ ಆಗುವಂಥವು ಎಂಬುದನ್ನು ಅದಕ್ಕೆ ಯಾರಾದರೂ ತೋರಿಸಬೇಕು. ಮೂರನೆಯ ಬಗೆಯ ತಪ್ಪುಗಳು ನಕಲಿನಿಂದ ಬರುವಂಥವು: ಅರ್ಥವಾಗದ ವಾಕ್ಯವನ್ನು ನೋಡಿ ಬರೆಯುವಾಗ ಪ್ರತ್ಯಯ ಬಿಟ್ಟುಹೋಗುತ್ತದೆ, ಎರಡು ವಾಕ್ಯಗಳು ಒಂದಾಗುತ್ತವೆ. ಮೂರಕ್ಕೂ ಮದ್ದು ಬೇರೆ ಬೇರೆ. ನಮ್ಮ ಕೆಂಪು ಶಾಯಿ ಮಾತ್ರ ಮೂರಕ್ಕೂ ಒಂದೇ ಬಗೆಯ ಸುತ್ತು ಹಾಕುತ್ತದೆ.

ವ್ಯಾಖ್ಯೆ ಕಲಿಸಿದರೆ ಬರಹ ಸುಧಾರಿಸುತ್ತದೆಯೇ ಎಂಬುದನ್ನು ಹೊರದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನ್ಯೂಜಿಲೆಂಡಿನಲ್ಲಿ ಎಲಿ ಮತ್ತು ಸಂಗಡಿಗರು ಪ್ರೌಢಶಾಲಾ ಮಕ್ಕಳನ್ನು ಮೂರು ವರ್ಷ ಗಮನಿಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಕರಣ ಪಾಠ ಪಡೆದವರ ಬರಹಕ್ಕೂ ಪಡೆಯದವರ ಬರಹಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ವಿದ್ವಾಂಸರು ಐದರಿಂದ ಹದಿನಾರು ವರ್ಷದ ಮಕ್ಕಳನ್ನು ಕುರಿತ ಅಧ್ಯಯನಗಳನ್ನು 2004ರಲ್ಲಿ ಪರಾಮರ್ಶಿಸಿ ಬಹುಮಟ್ಟಿಗೆ ಇದೇ ನಿರ್ಣಯಕ್ಕೆ ಬಂದರು. ಅಮೆರಿಕದಲ್ಲಿ ಗ್ರಹಾಂ ಮತ್ತು ಪೆರಿನ್ ಅವರ 2007ರ ವರದಿಯು, ಬಿಡಿ ವಾಕ್ಯಗಳನ್ನು ಕೂಡಿಸಿ ಬರೆಯಿಸುವ ಅಭ್ಯಾಸದಿಂದ ಬರಹ ಸುಧಾರಿಸುತ್ತದೆಂದು ತೋರಿಸಿತು. ಇವೆಲ್ಲ ಮುಖ್ಯವಾಗಿ ಇಂಗ್ಲಿಷ್ ಬರಹವನ್ನು ಕುರಿತವು. ಪ್ರತ್ಯಯಗಳಿಂದ ತುಂಬಿದ ಕನ್ನಡಕ್ಕೆ ಅವನ್ನು ಹಾಗೆಯೇ ಅನ್ವಯಿಸುವುದು ಅವಸರವಾದೀತು. ಆದರೂ ಪ್ರೌಢಶಾಲೆಯ ಮಕ್ಕಳಿಗೇ ಫಲ ಕೊಡದ ಕ್ರಮವನ್ನು ಎಂಟರ ಹರೆಯದವರ ಮೇಲೆ ಹೇರುವ ಮುನ್ನ ನಾವು ಯೋಚಿಸಬೇಡವೇ?

ವಾಕ್ಯಗಳನ್ನು ಕೂಡಿಸುವ ಅಭ್ಯಾಸಕ್ಕೆ ಕನ್ನಡದಷ್ಟು ಒಗ್ಗುವ ಭಾಷೆ ಅಪರೂಪ. ‘ರಾಣಿ ಎದ್ದಳು. ರಾಣಿ ಮುಖ ತೊಳೆದಳು. ರಾಣಿ ಶಾಲೆಗೆ ಹೋದಳು’ ಎಂಬುದನ್ನು ‘ರಾಣಿ ಎದ್ದು, ಮುಖ ತೊಳೆದು, ಶಾಲೆಗೆ ಹೋದಳು’ ಎಂದು ಮಗು ತಾನೇ ಬೆಸೆಯಬಲ್ಲದು. ‘ಅಜ್ಜ ಗಿಡ ನೆಟ್ಟರು. ಆ ಗಿಡ ಹೂ ಬಿಟ್ಟಿತು’ ಎಂಬುದು ‘ಅಜ್ಜ ನೆಟ್ಟ ಗಿಡ ಹೂ ಬಿಟ್ಟಿತು’ ಎಂದಾಗುತ್ತದೆ. ‘ಮಳೆ ಬಂತು. ಆಟ ನಿಲ್ಲಲಿಲ್ಲ’ ಎಂಬುದು ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎಂದಾಗುತ್ತದೆ. ಇಲ್ಲಿ ಕೃದಂತ ಎಂಬ ಹೆಸರನ್ನು ಉಚ್ಚರಿಸಬೇಕಾಗಿಲ್ಲ. ವಾಕ್ಯವನ್ನು ಹಿಗ್ಗಿಸುವ ಆಟವೂ ಇದೆ: ‘ನಾಯಿ ಓಡಿತು’ ಎಂದು ಬರೆದು, ಯಾವ ನಾಯಿ, ಎಲ್ಲಿಗೆ, ಏಕೆ ಎಂದು ಕೇಳುತ್ತಾ ಹೋದರೆ ವಿಭಕ್ತಿಗಳು ತಾವಾಗಿ ಬಂದು ಕೂಡಿಕೊಳ್ಳುತ್ತವೆ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಪೂರ್ವನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ‘ರ, ಗ, ಸ, ದ, ಅ’ ಎಂಬ ಅಕ್ಷರಗಳಿಂದ ತೊಡಗಿತು. ಐದೇ ಅಕ್ಷರ ಕಲಿತ ಮಗು ‘ಸರ’, ‘ಅರಸ’, ‘ದಸರ’ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯುವ ತನಕ ಅರ್ಥಕ್ಕಾಗಿ ಕಾಯಬೇಕಾಗಿಲ್ಲ ಎಂಬುದು ಅದರ ತಿರುಳು. ಅಕ್ಷರದ ಮಟ್ಟದಲ್ಲಿ ತೋರಿದ ಈ ಧೈರ್ಯವನ್ನು ವಾಕ್ಯದ ಮಟ್ಟಕ್ಕೂ ಏರಿಸಬೇಕು.

‘ಹಾಗಾದರೆ ತಪ್ಪುಗಳನ್ನು ತಿದ್ದುವುದೇ ಬೇಡವೇ?’ ಎಂದು ನೀವು ಕೇಳಬಹುದು. ತಿದ್ದಲೇಬೇಕು. ತಪ್ಪಿಲ್ಲದೆ ಬರೆಯುವುದು ಮುಂದೆ ಅರ್ಜಿ ಬರೆಯುವಾಗ, ಉದ್ಯೋಗ ಹುಡುಕುವಾಗ ಮಗುವಿಗೆ ಬೇಕಾದ ಶಕ್ತಿ; ‘ಹೇಗೋ ಬರೆಯಲಿ’ ಎನ್ನುವ ಔದಾರ್ಯ ಬಡ ಮಗುವಿಗೆ ಮಾಡುವ ಅನ್ಯಾಯವೇ ಸರಿ. ಆದರೆ ಒಂದು ಬಾರಿಗೆ ಒಂದೇ ಬಗೆಯ ತಪ್ಪನ್ನು ಹಿಡಿಯೋಣ. ಈ ವಾರ ‘ಅಕ್ಕ ಬಂದಳು, ಅಣ್ಣ ಬಂದನು, ಬಸ್ಸು ಬಂದಿತು’ ಎಂಬ ಹೊಂದಾಣಿಕೆ ಮಾತ್ರ. ಉಳಿದವು ಮುಂದಿನ ವಾರಕ್ಕಿರಲಿ. ಕರ್ತೃ, ಕರ್ಮ, ಕ್ರಿಯೆಗಳ ಹೆಸರುಗಳೂ ಬರಲಿ. ಆದರೆ ಮಗು ಅವುಗಳನ್ನು ಬಳಸಲು ಕಲಿತ ಮೇಲೆ ಬರಲಿ.

ಮನೆಯವರ ಪಾಲೂ ಇಲ್ಲಿ ಚಿಕ್ಕದಲ್ಲ. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗಳಿಗೆ ವಾಕ್ಯ ಕಲಿಸಬಲ್ಲರು: ಅವರು ಹೇಳಲಿ, ಅವಳು ಬರೆಯಲಿ, ಬರೆದುದನ್ನು ಗಟ್ಟಿಯಾಗಿ ಓದಿ ಹೇಳಲಿ. ಕಣ್ಣಿಗೆ ಬೀಳದ ತಪ್ಪು ಅನೇಕ ವೇಳೆ ಕಿವಿಗೆ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಕೊಂಕಣಿ, ತುಳು, ತಮಿಳು ಯಾವುದೇ ಇರಲಿ, ಆ ಮಾತನ್ನು ಮಗುವಿನ ಮುಂದೆ ಕೀಳಾಗಿ ಕಾಣಬೇಡಿ. ‘ನಮ್ಮಲ್ಲಿ ಹೀಗೆ, ಕನ್ನಡದಲ್ಲಿ ಹೀಗೆ’ ಎಂದು ಜೊತೆಯಲ್ಲಿಟ್ಟು ತೋರಿಸಿ. ಸಂಜೆಯ ಹೊತ್ತು ‘ವ್ಯಾಕರಣ ಓದಿದೆಯಾ?’ ಎಂದು ಕೇಳುವ ಬದಲು ‘ಇವತ್ತು ನಿನ್ನದೇ ಒಂದು ವಾಕ್ಯ ಬರೆದೆಯಾ?’ ಎಂದು ಕೇಳಿ ನೋಡಿ.

ಬರೆದುದೆಲ್ಲ ಕೆಂಪಾಗಿ ಮರಳುವ ಮಗು ಬೇಗನೆ ಒಂದು ಉಪಾಯ ಕಂಡುಕೊಳ್ಳುತ್ತದೆ: ಕಡಿಮೆ ಬರೆಯುವುದು, ಇಲ್ಲವೇ ಬೇರೆಯವರದನ್ನು ಬರೆಯುವುದು. ಅಂಕಪಟ್ಟಿಯಲ್ಲಿ ಈ ನಷ್ಟ ಕಾಣುವುದಿಲ್ಲ. ಆದರೆ ತನ್ನ ಹಸಿವನ್ನು, ಸಂತೋಷವನ್ನು, ತನಗಾದ ಅನ್ಯಾಯವನ್ನು ತನ್ನದೇ ನಾಲ್ಕು ವಾಕ್ಯಗಳಲ್ಲಿ ಹೇಳಲಾರದೆ ಬೆಳೆಯುವ ಮಗು, ಮುಂದೆ ತನ್ನ ಪರವಾಗಿ ಬೇರೆಯವರು ಬರೆದ ಕಾಗದಕ್ಕೆ ಸಹಿ ಹಾಕುವ ಪ್ರಜೆಯಾಗುತ್ತದೆ. ವಾಕ್ಯ ಕಲಿಸುವುದನ್ನು ನಾವು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾದುದು ಇದಕ್ಕಾಗಿಯೇ.