ಕಡಲಿನ ಮೇಲಣ ಸಂಸಾರ

ಕಡಲತೀರವೇ ಇಲ್ಲದ ತುಮಕೂರು ಜಿಲ್ಲೆಯಲ್ಲಿ, ಅಮಾನಿಕೆರೆಯನ್ನೂ ಕುಣಿಗಲ್ಲಿನ ದೊಡ್ಡಕೆರೆಯನ್ನೂ ಜಲರಾಶಿಯ ಪರಮಾವಧಿಯೆಂದು ಬಗೆದು ಬೆಳೆದ ಕುಟುಂಬಗಳು, ಹಿರಿಯರ ಷಷ್ಟ್ಯಬ್ದಿಯ ನೆಪದಲ್ಲಿಯೋ ಮಕ್ಕಳ ಬೇಸಗೆ ರಜೆಯ ನಿಮಿತ್ತದಿಂದಲೋ, ಮುಂಬಯಿಯಿಂದ ಅಥವಾ ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗುಗಳ ದರಪಟ್ಟಿಯನ್ನು ಮುಂದಿಟ್ಟುಕೊಂಡು ಕೂಡುವ ಕಾಲ ಬಂದಿರುವುದರಿಂದ, ಈ ನೌಕೆಗಳ ಗುಣದೋಷವಿವೇಚನೆ ಕರಾವಳಿಯವರ ಕುತೂಹಲವಾಗಿ ಮಾತ್ರ ಇನ್ನು ಉಳಿದಿಲ್ಲ. ದರಪಟ್ಟಿಗಳಾದರೋ ಮಹಡಿಗಳೆಷ್ಟು, ಈಜುಕೊಳಗಳೆಷ್ಟು, ಜಾರುಬಂಡೆಗಳೆಷ್ಟು ಎಂಬ ಎಣಿಕೆಯಲ್ಲಿಯೇ ಮುಗಿದುಹೋಗುತ್ತವೆ. ಮೂರು ತಲೆಮಾರಿನ ಒಂದು ಮನೆ ಹಡಗನ್ನೇರಿದ ಮೇಲೆ ಮನೆಯಾಗಿಯೇ ಉಳಿಯುವುದೋ, ವಯಸ್ಸಿಗೊಂದು ದಿಕ್ಕಾಗಿ ಚದುರುವುದೋ ಎಂಬುದನ್ನು ಅವು ಹೇಳುವುದಿಲ್ಲ. ವಿಮರ್ಶಕನು ಕೇಳಬೇಕಾದದ್ದು ಅದನ್ನೇ ಎಂದು ನನ್ನ ಎಣಿಕೆ.

ಇಂಥ ಪರೀಕ್ಷೆಗೆ ಬೇಕಾದ ಅಳತೆಗೋಲು ನಮ್ಮ ಜಿಲ್ಲೆಯಲ್ಲಿಯೇ ಇದೆ. 1884ರಲ್ಲಿ ಗುಬ್ಬಿಯಲ್ಲಿ ಜನಿಸಿ, ಮುಂದೆ ವೀರಣ್ಣನವರ ಯಾಜಮಾನ್ಯದಲ್ಲಿ ಊರೂರು ಸುತ್ತಿ ಖ್ಯಾತಿ ಪಡೆದ ಗುಬ್ಬಿ ಕಂಪನಿಯು ಆಡಂಬರದಲ್ಲಿ ಯಾರಿಗೂ ಸೋಲುವಂಥದಾಗಿರಲಿಲ್ಲ. ಕುರುಕ್ಷೇತ್ರ ನಾಟಕಕ್ಕೆ ಜೀವಂತ ಆನೆಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಆದರೆ ಆ ಆನೆಯನ್ನು ಅಜ್ಜಿಯೂ ಮೊಮ್ಮಗುವೂ ಒಂದೇ ಸೂರಿನ ಕೆಳಗೆ, ಒಂದೇ ಹೊತ್ತಿನಲ್ಲಿ ಕಂಡರು. ನೆಲದ ಟಿಕೇಟಿನವನಿಗೂ ಕುರ್ಚಿಯವನಿಗೂ ಕಂಡದ್ದು ಅದೇ ಆನೆ. ಮರುದಿನ ಮನೆಯಲ್ಲಿ ಎಲ್ಲರೂ ಕೂಡಿ ಮಾತಾಡಿಕೊಳ್ಳಲು ಎಲ್ಲರೂ ಕಂಡ ಒಂದು ವಸ್ತುವಿತ್ತು. ಸಕುಟುಂಬ ವಿನೋದವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣವನ್ನು ನಾನರಿಯೆ.

ಈ ಕೋಲನ್ನು ಮೊದಲು ದೈತ್ಯಕ್ಕೇ ಹಿಡಿಯೋಣ. ಫಿನ್‌ಲೆಂಡಿನ ತುರ್ಕು ನಗರದಲ್ಲಿ ನಿರ್ಮಿತವಾಗಿ, 2024ರ ಜನವರಿಯಲ್ಲಿ ಮಯಾಮಿಯಿಂದ ಪ್ರಥಮಯಾನ ಹೊರಟ ರಾಯಲ್ ಕೆರಿಬಿಯನ್ ಸಂಸ್ಥೆಯ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದದ, 20 ಮಹಡಿಗಳ ನೌಕೆ. ಅದರ ಪರಿಮಾಣವನ್ನು 2,48,663 ಟನ್ ಎನ್ನುತ್ತಾರೆ. ಅದು ತೂಕವಲ್ಲ, ಒಳಗಿನ ಅವಕಾಶದ ಅಳತೆ. ಕೋಣೆಗಿಬ್ಬರಂತೆ 5,610 ಮಂದಿ, ಹಾಸಿಗೆಗಳೆಲ್ಲ ತುಂಬಿದರೆ 7,600 ಮಂದಿ ಪ್ರಯಾಣಿಸಬಹುದಾದ ಈ ತೇಲುವ ಪಟ್ಟಣವನ್ನು ಅದರ ಶಿಲ್ಪಿಗಳು ಎಂಟು ಕೇರಿಗಳಾಗಿ ವಿಂಗಡಿಸಿದ್ದಾರೆ. ಏಳು ಈಜುಕೊಳ, ಆರು ನೀರಜಾರುಬಂಡೆ. ಮಹಡಿಯಿಂದ ಮಹಡಿಗೆ ಒಳಗೇ ಜಾರಿಕೊಂಡು ಇಳಿಯಬಹುದಾದ ಮೂರಂತಸ್ತಿನ ಒಂದು ಮನೆಯೂ ಅಲ್ಲಿ ಬಾಡಿಗೆಗೆ ಉಂಟು. ಇದರ ಬಾಡಿಗೆಯನ್ನು ವಿಚಾರಿಸುವವನಿಗೆ ವಿಮರ್ಶೆಯ ಅಗತ್ಯವೇ ಇರಲಾರದು!

ವೈಭವ ನಿರ್ವಿವಾದ. ಆದರೆ ಆ ವೈಭವವೇ ಮನೆಯನ್ನು ಬಿಡಿಸಿ ಹಂಚುತ್ತದೆ: ಎಳೆಯರಿಗೆ ವಯಸ್ಸಿಗೆ ತಕ್ಕ ಕ್ಲಬ್ಬುಗಳು, ಹದಿಹರೆಯದವರಿಗೆ ಹಿರಿಯರು ಕಾಲಿಡದ ಮತ್ತೊಂದು ತಾಣ, ದೊಡ್ಡವರಿಗೆ ಮಕ್ಕಳ ಸದ್ದಿಲ್ಲದ ಕೊಳ. ಅಜ್ಜಿಯ ಪಾಲಿಗೆ ಉಳಿಯುವುದು ಲಿಫ್ಟಿನ ಮುಂದಿನ ನಿರೀಕ್ಷೆ. ಈ ದೋಷವನ್ನು ಹಡಗಿನ ಶಿಲ್ಪಿಗಳೂ ಗ್ರಹಿಸಿರಬೇಕೆಂಬುದಕ್ಕೆ ‘ಸರ್ಫ್‌ಸೈಡ್’ ಎಂಬ ಕೇರಿಯೇ ಸಾಕ್ಷಿ. ಕೂಸುಗಳು ನೀರೆರಚಿಕೊಳ್ಳುವ ತಾಣ, ಸುತ್ತುವ ಕುದುರೆಗಳ ಆಟ, ಉಪಾಹಾರದಂಗಡಿ, ಹಿರಿಯರು ಒರಗಿ ಕುಳಿತು ಮಕ್ಕಳ ಮೇಲೆ ಕಣ್ಣಿಡಬಹುದಾದ ಪೀಠಗಳು, ಇವೆಲ್ಲವನ್ನೂ ಅಲ್ಲಿ ಒತ್ತೊತ್ತಾಗಿ ಇರಿಸಿದ್ದಾರೆ. (ಕುಣಿಗಲ್ಲಿನ ಕುದುರೆ ಫಾರಂ ಕಂಡ ಮಗು ಆ ಬೊಂಬೆಕುದುರೆಗಳನ್ನು ಎಷ್ಟರಮಟ್ಟಿಗೆ ಮೆಚ್ಚೀತೋ ಕಾಣೆ.) ಇಡಿಯ ನೌಕೆಯಲ್ಲಿ ನಿಜವಾದ ಪ್ರತಿಭೆ ಕಾಣುವುದು, ನನ್ನ ಮಟ್ಟಿಗೆ, ಜಾರುಬಂಡೆಗಳ ಎತ್ತರದಲ್ಲಲ್ಲ, ಈ ತಗ್ಗಿನ ಅಂಗಳದಲ್ಲಿ.

ಡಿಸ್ನಿ ಸಂಸ್ಥೆಯ ನೌಕೆಗಳು ಇದೇ ಸಮಸ್ಯೆಯನ್ನು ಊಟದ ಮೇಜಿನಲ್ಲಿ ಬಿಡಿಸಿವೆ. ಸಂಜೆಗೊಂದು ಭೋಜನಶಾಲೆಯಂತೆ ಕುಟುಂಬವು ಸ್ಥಳ ಬದಲಿಸುತ್ತ ಹೋದರೆ, ಬಡಿಸುವವರೂ ಅದರ ಜೊತೆಯಲ್ಲಿಯೇ ಬರುತ್ತಾರೆ. ಎರಡನೆಯ ದಿನಕ್ಕಾಗಲೇ ಮಗುವಿನ ಹೆಸರೂ ಅದು ಬೇಡವೆನ್ನುವ ತರಕಾರಿಯೂ ಅವರಿಗೆ ಗೊತ್ತಿರುತ್ತದೆ. ಬಹು ಸುಂದರವಾದ ಏರ್ಪಾಡು. ಆದರೆ ಹಾಗೆ ಅಕ್ಕರೆಯಿಂದ ಬಡಿಸುವಾತನು ಬಹುಮಟ್ಟಿಗೆ ಫಿಲಿಪೀನ್ಸಿನಲ್ಲಿಯೋ ಇಂಡೋನೇಷ್ಯದಲ್ಲಿಯೋ ನಮ್ಮ ಗೋವೆಯಲ್ಲಿಯೋ ತನ್ನ ಮಕ್ಕಳನ್ನು ಬಿಟ್ಟು, ತಿಂಗಳುಗಟ್ಟಲೆಯ ಕರಾರಿಗೆ ಸಹಿಮಾಡಿ ಬಂದವನು. ಗುಬ್ಬಿ ಕಂಪನಿಯಲ್ಲಾದರೋ ಯಜಮಾನರ ಪತ್ನಿ ಬಿ. ಜಯಮ್ಮನವರೇ ಪ್ರಮುಖ ನಟಿ. ಹುಡುಗನಾಗಿ ಬಂದು ಸೇರಿದ ಬಿ. ವಿ. ಕಾರಂತರನ್ನು ಮುಂದೆ ಕಾಶಿಗೆ ಕಳುಹಿಸಿ ಓದಿಸಿದವರೂ ವೀರಣ್ಣನವರೇ. ರಂಗದ ಹಿಂದೆಯೂ ಸಂಸಾರವಿತ್ತು. ಹಡಗಿನ ಕೆಳಮಹಡಿಗಳಲ್ಲಿ ಅದಿಲ್ಲ. ಐಕಾನಿನ 2,350 ಮಂದಿ ಸಿಬ್ಬಂದಿಯ ಲೆಕ್ಕ ಬರುವುದು ಪ್ರಯಾಣಿಕರ ಸುಖದ ಬಾಬ್ತಿನಲ್ಲಿ ಮಾತ್ರ.

ಇನ್ನು ನಮ್ಮ ಜಿಲ್ಲೆಯವರ ಕೈಗೆಟುಕುವ ನೌಕೆಗಳು. ನವಮಂಗಳೂರು ಬಂದರಿಗೆ ವಿದೇಶಿ ವಿಹಾರನೌಕೆಗಳು ಬರುವುದುಂಟಾದರೂ ಅವು ಬಹುತೇಕ ಹಗಲು ತಂಗಿ ಮುಂದೆ ಸಾಗುವಂಥವು. ಸಿಂಗಪುರವನ್ನು ತವರಾಗಿ ಮಾಡಿಕೊಂಡಿರುವ ‘ಜೆಂಟಿಂಗ್ ಡ್ರೀಮ್’ 2016ರಲ್ಲಿ ಜರ್ಮನಿಯಲ್ಲಿ ನಿರ್ಮಾಣವಾದ, ಒಂದೂವರೆ ಲಕ್ಷ ಟನ್ನಿನ ನೌಕೆ. ಜಾರುಬಂಡೆ, ಹಗ್ಗದ ಸಾಹಸ, ಬೌಲಿಂಗ್ ಎಲ್ಲವೂ ಅಲ್ಲುಂಟು, ಸಸ್ಯಾಹಾರದ ಭಾರತೀಯ ಊಟವೂ ಉಂಟು. ಈರುಳ್ಳಿ ಬೆಳ್ಳುಳ್ಳಿಯನ್ನು ಮುಟ್ಟದ ಅತ್ತೆಯವರನ್ನು ಕರೆದೊಯ್ಯುವ ಸೊಸೆಗೆ ಇದು ಅಲ್ಪವಾದ ಸಮಾಧಾನವೇನಲ್ಲ. ಆದರೆ ಅದರೊಳಗೆ ‘ಪ್ಯಾಲೇಸ್’ ಎಂಬ ಬೇರೊಂದು ಸಿರಿವಂತರ ಆವರಣವಿದೆ. ಅಲ್ಲಿನವರ ಕೊಳವೇ ಬೇರೆ, ಊಟದ ಮನೆಯೇ ಬೇರೆ. ನೆಲದವನಿಗೂ ಕುರ್ಚಿಯವನಿಗೂ ಒಂದೇ ಆನೆ ಎಂಬ ನ್ಯಾಯ ಇಲ್ಲಿ ನಡೆಯುವುದಿಲ್ಲ.

ಕಾರ್ಡೇಲಿಯಾ ಸಂಸ್ಥೆಯವರು 2021ರಿಂದ ನಮ್ಮ ತೀರಗಳಲ್ಲಿ ನಡೆಸುತ್ತಿರುವ ‘ಎಂಪ್ರೆಸ್’ 1990ರ ಹಡಗು, ಪರಿಮಾಣದಲ್ಲಿ ಐಕಾನಿನ ಐದರಲ್ಲೊಂದು ಪಾಲು. ಕೋಣೆಗಳು ಇಕ್ಕಟ್ಟು, ಬಾಲ್ಕನಿಯುಳ್ಳವು ಕೆಲವೇ. ರಂಗಮಂದಿರದಲ್ಲಿ ಹಿಂದಿ ಚಿತ್ರಗೀತೆಗಳ ಕುಣಿತದ್ದೇ ಭರಾಟೆ, ಕ್ಯಾಸಿನೋದ ಮಿಣುಕೂ ತಪ್ಪಿದ್ದಲ್ಲ. ಆದರೂ ಕೋಣೆಯಲ್ಲಿ ಕೂರಲಾಗದೆ ಎಲ್ಲರೂ ಹೊರಬರಬೇಕಾಗುವುದರಿಂದ, ಹೊರಬಂದವರಿಗೆ ಇರುವ ತಾಣಗಳೂ ನಾಲ್ಕೇ ಆಗಿರುವುದರಿಂದ, ಮನೆಮಂದಿ ಪುನಃ ಪುನಃ ಒಬ್ಬರಿಗೊಬ್ಬರು ಎದುರಾಗುತ್ತಾರೆ. ಇದನ್ನು ಅದರ ಕರ್ತೃಗಳು ಗುಣವೆಂದು ಯೋಜಿಸಿದವರಲ್ಲ. ಫಲ ಮಾತ್ರ ಗುಣದ್ದೇ. ಹದಿಹರೆಯದ ಮಕ್ಕಳೇ ಹಟ ಹಿಡಿದಿದ್ದರೆ ಸಿಂಗಪುರದ ಹಡಗು ಸರಿ. ಅಜ್ಜಅಜ್ಜಿಯರೊಡನೆ ಹೊರಡುವವರಿಗೆ ಎಂಪ್ರೆಸ್‌ನಲ್ಲಿ ಎರಡು ಮೂರು ರಾತ್ರಿಗಳ ಯಾನವೇ ಮೇಲು, ಅದೂ ಬಾಲ್ಕನಿಗೆ ತೆರುವ ಹಣದಲ್ಲಿ ಲಿಫ್ಟಿಗೆ ಹತ್ತಿರವಾದ ಎರಡು ಜೋಡುಕೋಣೆಗಳನ್ನು ಹಿಡಿದರೆ.